ಭಾವನ ಕೈಗೆ ಸಿಗದ ಕೋಳಿ

ಕೋಳಿ ಸಾಕುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಎಷ್ಟು ತತ್ತಿ ಇಡುತ್ತದೆ, ಎಷ್ಟು ತೂಕ ಬರುತ್ತದೆ. ನನಗೆ ಮೂರನೆಯದೊಂದು ಪ್ರಶ್ನೆಯಿತ್ತು. ಅದನ್ನು ಪಶು ಆಸ್ಪತ್ರೆಯ ತರಬೇತಿಯಲ್ಲಿ ಹತ್ತು ಹೆಂಗಸರ ನಡುವೆ ಎದ್ದು ನಿಂತು ಕೇಳುವ ಹಾಗಿರಲಿಲ್ಲ. ನನ್ನ ಭಾವ ಬಸವಂತರಾಯನ ಕೈಗೆ ಸಿಗದ ಕೋಳಿ ಯಾವ ತಳಿಯಲ್ಲಿ ಹುಟ್ಟುತ್ತದೆ?

ನನ್ನ ತವರು ಜೇವರ್ಗಿ ಕಡೆಯ ಇಜೇರಿ. ಮದುವೆಯಾಗಿ ಬಂದ ಊರು ಅಫಜಲಪುರ ತಾಲೂಕಿನದು, ಹವಳಗಾದ ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುವಷ್ಟು ಹತ್ತಿರ. ಮನೆ ಒಂದೇ, ಒಲೆ ಎರಡು. ಮುಂದಿನ ಪಡಸಾಲೆ ಮತ್ತು ದೊಡ್ಡ ಕೋಣೆಗಳಲ್ಲಿ ಭಾವ, ಅವನ ಮಗ ಅರುಣಕುಮಾರ. ಭಾವನ ಹೆಂಡತಿ ನಾನು ಬರುವ ಮೊದಲೇ ತೀರಿಹೋಗಿದ್ದಳು. ಹಿಂದಿನ ಎರಡು ಕೋಣೆಗಳಲ್ಲಿ ನಾನು, ನನ್ನ ಗಂಡ ದೇವೀಂದ್ರಪ್ಪ, ಅತ್ತೆ ನಿಂಬೆವ್ವ. ಹಿತ್ತಲು ನಮ್ಮ ಪಾಲಿಗೆ ಬಂದಿದೆ ಎಂದು ಹಿರಿಯರ ಮುಂದೆ ಮಾತಾಗಿತ್ತು. ಮಾತಾಗಿತ್ತು ಅಷ್ಟೇ.

ಗಂಡ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಕಾಟಾದ ಹತ್ತಿರ ಕೆಲಸಕ್ಕಿದ್ದ. ಲಾರಿ ಡ್ರೈವರುಗಳ ಜೊತೆ ಜೋರಾಗಿಯೇ ಜಗಳಾಡುತ್ತಾನಂತೆ. ಅಣ್ಣನ ಮುಂದೆ ನಿಂತರೆ ಮಾತ್ರ ಅವನ ದನಿ ಗಂಟಲಲ್ಲೇ ಉಳಿಯುತ್ತದೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇಂಥ ಇಬ್ಬರನ್ನು ಹುಡುಕಿ ಗಂಟು ಹಾಕಿದವರಿಗೆ ಕೈ ಮುಗಿಯಬೇಕು.

ಮೊದಲು ಗಿರಿರಾಜ ತಳಿಯ ಕೋಳಿಗಳನ್ನು ತಂದೆ. ತರಬೇತಿಯಲ್ಲಿ ಡಾಕ್ಟರು ಬಾಯ್ತುಂಬ ಹೊಗಳಿದ್ದು ಅದನ್ನೇ. ನಮ್ಮ ಜವಾರಿ ಕೋಳಿಗಿಂತ ಹೆಚ್ಚು ತೂಗುತ್ತದೆ, ತತ್ತಿ ಜಾಸ್ತಿ, ನೋಡಲೂ ಚಂದ. ಎಲ್ಲ ಖರೆ. ಆದರೆ ಅಷ್ಟು ಮೊದ್ದು ಜೀವವನ್ನು ನಾನು ಕಂಡಿರಲಿಲ್ಲ. ಹೆಜ್ಜೆ ಸಪ್ಪಳ ಕೇಳಿದರೆ ಕಾಳು ಬಂತೆಂದು ಎದುರಿಗೇ ಓಡಿಬರುತ್ತಿದ್ದವು. ಹಿತ್ತಲ ಬಾಗಿಲಿಗೆ ಭಾವ ಬಂದು ನಿಂತರೂ ಹಾಗೇ. ಕಾಲ ಬಳಿ ಬಂದದ್ದರ ಕುತ್ತಿಗೆ ಹಿಡಿದು ಎತ್ತಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸುತ್ತಿದ್ದ. ಲಟಕ್ಕೆಂದು ಸದ್ದಾಗುತ್ತಿತ್ತು. ಇನ್ನೂ ರೆಕ್ಕೆ ಬಡಿಯುತ್ತಿದ್ದುದನ್ನು ನನ್ನ ಒಲೆಯ ಮುಂದೆ ಎಸೆಯುತ್ತಿದ್ದ.

"ಮೂರು ಮಂದಿ ಬರೋರಿದ್ದಾರ. ಖಾರ ಜರಾ ಮುಂದ ಇರ್ಲಿ," ಅನ್ನುತ್ತಿದ್ದ.

ನಾಲ್ಕನೆಯದನ್ನು ಎಸೆದ ದಿನ ನಾನು ಕೇಳಿದೆ. "ಒಂದ್ ಮಾತು ಕೇಳಿ ಒಯ್ದರ ಏನಾಗ್ತದ್ರಿ, ಭಾವಾರ?"

ಅವನು ಉತ್ತರ ಕೊಟ್ಟದ್ದು ಕೈಯಿಂದ. ಅದೇ ಕೈ, ಕೋಳಿಯ ರಕ್ತ ಹತ್ತಿದ್ದು. ಕೆನ್ನೆಗೆ ಒಂದು ಸಣ್ಣ ಗರಿ ಅಂಟಿಕೊಂಡಿತು. "ಮನಿ ನಂದು, ಹಿತ್ತಲ ನಂದು. ಕೇಳಬೇಕಂತ ನಿನಗ," ಅಂದು ಹೋದ. ನನ್ನ ಗಂಡ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ. ನೀರಿನ ಸದ್ದು ನಿಂತಿತು, ಮತ್ತೆ ಶುರುವಾಯಿತು. ಊಟಕ್ಕೆ ಕೂತಾಗ ಅದೇ ಕೋಳಿಯ ಸಾರಿಗೆ ತಲೆ ಬಗ್ಗಿಸಿಕೊಂಡು ರೊಟ್ಟಿ ಮುರಿದ. ಆ ಹೊತ್ತು ಅವನನ್ನು ನಾನು ದ್ವೇಷಿಸಿದಷ್ಟು ಭಾವನನ್ನೂ ದ್ವೇಷಿಸಲಿಲ್ಲ.

ಕೋಳಿಯ ಮೇಲೆ ನನಗೆ ಕರುಣೆ ಉಕ್ಕಿ ಹರಿಯುತ್ತದೆಂದು ಯಾರೂ ತಿಳಿಯಬಾರದು. ನಾನೂ ತಿನ್ನುತ್ತೇನೆ, ನಾನೂ ಕೊಯ್ಯುತ್ತೇನೆ. ಆದರೆ ಯಾವುದನ್ನು ಕೊಯ್ಯಬೇಕು, ಯಾವುದನ್ನು ಉಳಿಸಬೇಕು ಎಂದು ಹೇಳುವವಳು ನಾನಾಗಬೇಕಿತ್ತು. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಬೇರೇನೂ ಇರಲಿಲ್ಲ. ಮಕ್ಕಳಾಗಿರಲಿಲ್ಲ, ಹೊಲದಲ್ಲಿ ಹೆಸರಿರಲಿಲ್ಲ. ಮುಂಜಾನೆ ಬುಟ್ಟಿ ಎತ್ತಿದಾಗ ನನ್ನ ಕಡೆಗೆ ಓಡಿ ಬರುತ್ತಿದ್ದವು ಆ ಕೋಳಿಗಳು ಮಾತ್ರ.

ಗಿರಿರಾಜದ ಲೆಕ್ಕ ನಾಲ್ಕು ತಿಂಗಳಲ್ಲಿ ಮುಗಿಯಿತು. ಅರ್ಧ ಭಾವ ಮುಗಿಸಿದ, ಅರ್ಧ ಓಣಿಯ ನಾಯಿಗಳು. ಹಾರಲು ಬಾರದ ಭಾರದ ಮೈ, ನಾಯಿ ಬಾಯಿ ಹಾಕುವವರೆಗೂ ಏನೆಂದು ತಿಳಿಯುತ್ತಿರಲಿಲ್ಲ ಅವಕ್ಕೆ.

ಎರಡನೆಯ ಸಲ ತವರಿನಿಂದ ಜವಾರಿ ಕೋಳಿ ತಂದೆ. ಹಗುರ ಮೈ, ಕಳ್ಳ ಕಣ್ಣು. ನೆರಳು ಅಲುಗಿದರೆ ಬೇವಿನ ಮರ ಹತ್ತುತ್ತಿದ್ದವು. ಎರಡು ಸಲ ಭಾವ ಹಿತ್ತಲೆಲ್ಲಾ ಓಡಾಡಿ ಬರಿಗೈಲಿ ಹೋದ. ನಾನು ಒಳಗೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಮೂರನೆಯ ಸಲ ಅವನು ಕವಣೆ ಹಿಡಿದು ಬಂದ, ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ. ಗೆಳೆಯರು ಕಟ್ಟೆಯ ಮೇಲೆ ಕೂತು ಹುರಿದುಂಬಿಸಿದರು. ಒಂದು ಕೋಳಿಯ ತಲೆಯೇ ಹಾರಿತು. ಇನ್ನೊಂದರ ತೊಡೆ ಮುರಿಯಿತು. ಅದು ಕೆಳಗೆ ಬಿದ್ದು ಕಾಲೆಳೆಯುತ್ತಾ ಗೋಡೆಯ ಸಂದಿ ಸೇರಿತು, ಅವರು ಹುಡುಕುವ ಗೋಜಿಗೆ ಹೋಗಲಿಲ್ಲ.

ಕೋಳಿಗಳೂ ಕೆಟ್ಟವೇ. ಮರುದಿನ ಮುಂಜಾನೆ ನೋಡಿದರೆ ಉಳಿದವು ಆ ಗಾಯದ ಸುತ್ತ ನೆರೆದು ಕುಕ್ಕುತ್ತಿದ್ದವು. ಕೆಂಪು ಕಂಡಲ್ಲಿ ಕುಕ್ಕುವುದು ಅವುಗಳ ಹುಟ್ಟುಗುಣ. ಬಿದ್ದದ್ದು ಇನ್ನೂ ಉಸಿರಾಡುತ್ತಿತ್ತು, ಕರುಳು ಹೊರಗೆ ಬಂದಿತ್ತು. ನಾನೇ ಅದರ ಕುತ್ತಿಗೆ ಮುರಿದೆ. ಕೈ ನಡುಗಲಿಲ್ಲ. ಆ ದಿನ ನನಗೆ ನನ್ನ ಕೈಯ ಬಗ್ಗೆ ಮೊದಲ ಸಲ ಒಂದು ವಿಷಯ ಗೊತ್ತಾಯಿತು.

ಆಳಂದದಿಂದ ಲಾಲಸಾಬ ತಿಂಗಳಿಗೊಮ್ಮೆ ಮೋಟರ್ ಸೈಕಲ್ಲಿನ ಹಿಂದೆ ಜಾಳಿಗೆಯ ಪಂಜರ ಕಟ್ಟಿಕೊಂಡು ಮರಿ ಮಾರಲು ಬರುತ್ತಿದ್ದ. ಕೋಳಿಯ ವಿಷಯ ಬಂದರೆ ಡಾಕ್ಟರಿಗಿಂತ ಅವನೇ ಮೇಲು. ಅವನ ಮುಂದೆ ನಾನು ನನ್ನ ಮೂರನೆಯ ಪ್ರಶ್ನೆಯನ್ನು ಹಾಗೆಯೇ ಇಟ್ಟೆ. ಅವನು ನಗಲಿಲ್ಲ. ಪಂಜರದ ಮೂಲೆಯಿಂದ ಉದ್ದ ಕಾಲಿನ, ಬೋಳು ಎದೆಯ ಒಂದು ಕೋಳಿಯನ್ನು ಹೊರಗೆ ತೆಗೆದ. ಗರಿ ಕಡಿಮೆ, ಮೈಯೆಲ್ಲಾ ನರ.

"ಅಸೀಲ ಅದ ಅಕ್ಕಾ. ತತ್ತಿ ಜಾಸ್ತಿ ಇಡಂಗಿಲ್ಲ. ಬ್ಯಾರೆ ಕೋಳಿ ಸಂಗಟ ಹೊಂದಂಗಿಲ್ಲ. ಆದ್ರ ಮರಿ ಮುಟ್ಟಾಕ ಬಂದೋರನ್ನ ಬಿಡಂಗಿಲ್ಲ. ಮನಿಷಾ ಇರ್ಲಿ, ನಾಯಿ ಇರ್ಲಿ."

"ಸಾಯ್ತದಲ್ಲಾ?"

"ಸಾಯ್ತದ್ರಿ. ಸಾಯೋದು ಎಲ್ಲಾ ಕೋಳಿನೂ ಸಾಯ್ತಾವ."

ಬಂದ ಎರಡೇ ದಿನದಲ್ಲಿ ಅದು ನನ್ನ ಎರಡು ಜವಾರಿ ಕೋಳಿಗಳ ತಲೆ ಸೀಳಿ ಹಾಕಿ ಹಿತ್ತಲಿಗೆ ಯಜಮಾನಿಯಾಯಿತು. ನಾನು ಬೈಯುತ್ತಲೇ ಅದಕ್ಕೆ ಜೋಳ ಹಾಕಿದೆ. ಕಾವಿಗೆ ಕೂತು ಏಳು ಮರಿ ತೆಗೆಯಿತು. ಮರಿಗಳಿಗೆ ಎಂಟು ದಿನವಾಗಿತ್ತು, ಭಾವ ಬಂದ. ಮರಿಗಳ ನಡುವೆ ಕಾಲಿಟ್ಟು ತಾಯಿಯ ಕುತ್ತಿಗೆಗೆ ಕೈ ಚಾಚಿದ. ಅದು ನೆಲ ಬಿಟ್ಟು ಅವನ ಮುಖದೆತ್ತರಕ್ಕೆ ಎಗರಿತು. ಹುಬ್ಬಿನಿಂದ ಕಿವಿಯವರೆಗೆ ಚರ್ಮ ಬಿಚ್ಚಿಕೊಂಡಿತು.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹಬ್ಬದಷ್ಟು ಖುಷಿಯಾಯಿತು. ಅದು ಎರಡು ಉಸಿರಿನಷ್ಟು ಹೊತ್ತು ಇತ್ತು. ಭಾವ ಎರಡೂ ಕಾಲು ಹಿಡಿದು ಅದನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದ. ಬಟ್ಟೆ ಬಡಿದ ಹಾಗೇ ಬಡಿದ. ಅದು ಸತ್ತ ಮೇಲೂ ಬಡಿದ. ಆಮೇಲೆ ಚಪ್ಪಲಿ ಕಾಲಿನಲ್ಲಿ ಮರಿಗಳನ್ನು ತುಳಿದ. ನಾನು ನೆಲಕ್ಕೆ ಬಿದ್ದು ಕೈಗೆ ಸಿಕ್ಕ ಮೂರನ್ನು ಎದೆಗೆ ಬಾಚಿಕೊಂಡೆ. ನನ್ನ ಬೆನ್ನ ಮೇಲೂ ಅದೇ ಚಪ್ಪಲಿ ಬಿತ್ತು.

ಅವನು ಹೋದ ಮೇಲೆ ಅತ್ತೆ ನಿಂಬೆವ್ವ ಬಂದು ನನ್ನ ಬೆನ್ನಿಗೆ ಅರಿಶಿನ ಹಚ್ಚಿದಳು. ಅವಳು ದೊಡ್ಡ ಮಗನನ್ನು ಎದುರು ಹಾಕಿಕೊಂಡವಳಲ್ಲ. ಅವಳ ಬುದ್ಧಿ ಓಡುವುದೇ ಬೇರೆ ದಾರಿಯಲ್ಲಿ.

"ಮರಗಮ್ಮಗ ಮೀಸಲು ಬಿಡು ಬೇ. ಅಷ್ಟೂ ಬಿಟ್ಟುಬಿಡು. ಅವಾ ಯಾರಿಗೂ ಅಂಜಂಗಿಲ್ಲ, ಮರಗಮ್ಮಗ ಅಂಜ್ತಾನ."

ಅದು ನಿಜ. ದೇವಿಗೆಂದು ಹೇಳಿಬಿಟ್ಟ ಕೋಳಿ, ಕುರಿಗಳನ್ನು ಅವಳ ಕಾರ್ಯದ ದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ನನ್ನ ಮಾವ ಯಾವುದೋ ಕಾಲದಲ್ಲಿ ಮೀಸಲು ಹೋತವನ್ನು ಸಂತೆಯಲ್ಲಿ ಮಾರಿ ಬಂದ ವಾರವೇ ಹಾವು ಕಚ್ಚಿ ಸತ್ತಿದ್ದ. ಆಗ ಭಾವನಿಗೆ ಹತ್ತು ವರ್ಷ, ಅಪ್ಪನ ಬಾಯಿಂದ ನೊರೆ ಬಂದದ್ದನ್ನು ನೋಡಿದ್ದ.

ಮಂಗಳವಾರ ಊರಾಚೆಯ ಮರಗಮ್ಮನ ಕಲ್ಲಿನ ಮುಂದೆ, ಹತ್ತು ಜನರೆದುರು ಮೀಸಲು ಬಿಟ್ಟೆ. ಕೋಳಿಯ ನೆತ್ತಿಗೆ ಅರಿಶಿನದ ನೀರು ಸುರಿಯಬೇಕು. ಅದು ಮೈ ಝಾಡಿಸಿದರೆ ದೇವಿ ಒಪ್ಪಿದಳೆಂದು ಅರ್ಥ. ತಣ್ಣೀರು ಬಿದ್ದರೆ ಯಾವ ಕೋಳಿ ಮೈ ಝಾಡಿಸುವುದಿಲ್ಲ? ಮೂರು ಮರಿ, ನಾಲ್ಕು ಜವಾರಿ ಕೋಳಿ, ಎಲ್ಲವೂ ಝಾಡಿಸಿದವು. ಕಾಲಿಗೆ ಹಸಿರು ದಾರ ಕಟ್ಟಿದೆ. ಪೂಜಾರಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇವುಗಳ ಹೊಟ್ಟೀಲೆ ಹುಟ್ಟಿದ್ದೂ ದೇವಿದೇ ನೋಡ್ರಿ." ನನಗೆ ಬೇಕಾಗಿದ್ದೂ ಅದೇ. ಅಷ್ಟು ಬುದ್ಧಿವಂತೆ ನಾನು.

ಮೂರು ವರ್ಷ ಭಾವ ಹಿತ್ತಲಿಗೆ ಕಾಲಿಡಲಿಲ್ಲ. ಆ ಮೂರು ವರ್ಷ ನಾನು ಆರಿಸಿದೆ. ಅಸೀಲದ ಮರಿಗಳಲ್ಲಿ ಹುಂಜವಾದದ್ದನ್ನು ಜವಾರಿ ಕೋಳಿಗಳ ಜೊತೆ ಬಿಟ್ಟೆ. ಹುಟ್ಟಿದ್ದರಲ್ಲಿ ಸುಮ್ಮಸುಮ್ಮನೆ ಜಗಳ ತೆಗೆಯುವುದರ ತತ್ತಿಯನ್ನು ಕಾವಿಗೆ ಇಡಲಿಲ್ಲ. ಮರಿ ಬಿಟ್ಟು ಓಡುವುದರದ್ದೂ ಇಡಲಿಲ್ಲ. ಮರಿ ಮುಟ್ಟಿದರೆ ಮಾತ್ರ ಎಗರುವಂಥದ್ದು, ನಾಯಿ ಬಂದರೆ ಮರ ಹತ್ತುವಂಥದ್ದು, ಕಾವಿಗೆ ಕೂರುವಂಥದ್ದು, ಅಂಥವುಗಳನ್ನೇ ಮುಂದಕ್ಕೆ ತಂದೆ. ಉದ್ದ ಕಾಲು, ತುಂಬಿದ ಎದೆ, ಕೆಂಗಂದು ಬಣ್ಣ. ಗಾಣಗಾಪುರದ ದಾರಿಯ ಹಳ್ಳಿಗಳಿಂದೆಲ್ಲಾ ಹೆಂಗಸರು ನೋಡಲು ಬಂದರು. ಲಾಲಸಾಬ ಒಂದನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು, "ಇಂಥಾದ್ದು ನಮ್ಮ ಆಳಂದದಾಗೂ ಇಲ್ರಿ ಅಕ್ಕಾ," ಅಂದ. ಎಲ್ಲರೂ ಅದನ್ನು ಕರೆಯುತ್ತಿದ್ದುದು ಮಾತ್ರ ಮರಗಮ್ಮನ ಕೋಳಿ ಎಂದು. ಸಾಕಿದವಳ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನನಗೆ ಉರಿಯುತ್ತಿತ್ತು, ಆದರೆ ಯಾರ ಮೇಲೆ ಉರಿದುಬೀಳಲಿ? ಹೆಸರು ಕೊಟ್ಟವಳು ನಾನೇ.

ಈ ವರ್ಷ ಪಂಚಾಯತಿ ಚುನಾವಣೆಗೆ ನಿಲ್ಲಬೇಕೆಂದು ಭಾವನ ತಲೆಗೆ ಹೊಕ್ಕಿತು. ನಿಲ್ಲುವವನು ಊರಿಗೆ ಊಟ ಹಾಕಿಸಬೇಕು. ಒಂದು ಸಂಜೆ ಚಾವಡಿಯಲ್ಲಿ ಹಿರಿಯರನ್ನು ಕೂಡಿಸಿ, ಪೂಜಾರಿಯನ್ನು ಮುಂದಿಟ್ಟುಕೊಂಡು ಹೇಳಿದನಂತೆ: ನಮ್ಮ ಮನೆಯ ಮೀಸಲು ಮೂರು ವರ್ಷದಿಂದ ಹಾಗೇ ಉಳಿದಿದೆ, ದೇವಿ ಕನಸಿನಲ್ಲಿ ಬಂದು ಕೇಳುತ್ತಿದ್ದಾಳೆ, ಬರುವ ಮಂಗಳವಾರ ಅಷ್ಟೂ ಕೋಳಿ ಅವಳಿಗೆ ಒಪ್ಪಿಸಿ ಊರಿಗೆಲ್ಲಾ ಪ್ರಸಾದ ಮಾಡಿಸುತ್ತೇನೆ. ಎಲ್ಲರೂ ಭೇಷ್ ಅಂದರು.

ಗಂಡ ಬಂದು ಇದನ್ನು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ಬಲೆ ನಾನೇ ನೇಯ್ದದ್ದು, ಒಂದು ಎಳೆಯೂ ಬೇರೆಯವರದ್ದಲ್ಲ.

ಪೂಜಾರಿಯ ಮನೆಗೆ ಓಡಿದೆ. ಐದು ಕೊಡುತ್ತೇನೆ, ಹತ್ತು ಕೊಡುತ್ತೇನೆ ಅಂದೆ. "ಕೊಟ್ಟದ್ದು ಕೊಟ್ಟಾಯ್ತಲ್ಲವ್ವಾ. ಮಂದಿ ಎದುರಿಗೇ ಕೊಟ್ಟಿ," ಅಂದ ಅವನು. ಲಾಲಸಾಬನಿಗೆ ಫೋನ್ ಮಾಡಿ, ನಾಳೆಯೇ ಬಂದು ಎಲ್ಲವನ್ನೂ ಆಳಂದಕ್ಕೆ ಒಯ್ದುಬಿಡು ಅಂದೆ. "ದೇವರ ಕೋಳಿ ನಾ ಒಯ್ದರ, ನಾಳೆ ಊರಾಗ ಏನ್ ಹೇಳ್ತಾರ ನಿಮಗ ಗೊತ್ತದ ಅಕ್ಕಾ. ನನಗ ಹೆಂಡ್ರು ಮಕ್ಕಳು ಅದಾರ." ಅವನ ಮಾತು ಸರಿ. ಕೇಳಿದ್ದಕ್ಕೇ ನನಗೆ ನಾಚಿಕೆಯಾಯಿತು.

ಗಂಡನಿಗೆ ಹೇಳಿದೆ, "ನೀ ಒಂದ್ ಮಾತು ಆಡು. ಒಂದೇ ಮಾತು."

"ದೇವರ ಕೆಲಸ ಅದ ಸೀಮಾ. ನಾ ಏನ್ ಹೇಳ್ಲಿ?" ಅಂದ. ಮರುದಿನ ಡ್ಯೂಟಿ ಇಲ್ಲದಿದ್ದರೂ ಕಾರ್ಖಾನೆಗೆ ಹೋದ.

ಮಂಗಳವಾರ ಬಿಸಿಲೇರುವ ಹೊತ್ತಿಗೆ ಮೂರು ಬುಟ್ಟಿಗಳಲ್ಲಿ ಕೋಳಿಗಳನ್ನು ತುಂಬಿ ಮರಗಮ್ಮನ ಕಲ್ಲಿಗೆ ಹೊತ್ತೆವು, ನಾನು, ಅತ್ತೆ, ಅರುಣಕುಮಾರ. ಹಲಗೆ ಬಾರಿಸುತ್ತಿದ್ದರು. ಆಚೆ ಮೂರು ಒಲೆಗಳ ಮೇಲೆ ಕೊಪ್ಪರಿಗೆ ಇಟ್ಟು ನೀರು ಕಾಯಿಸುತ್ತಿದ್ದರು. ಅರ್ಧ ಊರು ನೆರೆದಿತ್ತು. ಮೀಸಲು ಬಿಟ್ಟವಳು ಕೋಳಿಯನ್ನು ಬುಟ್ಟಿಯಿಂದ ತೆಗೆದು ಕೊಡಬೇಕು, ಮನೆಯ ಹಿರಿಯ ಕೊಯ್ಯಬೇಕು. ಅದು ಪದ್ಧತಿ. ಭಾವ ಕಬ್ಬು ಕಡಿಯುವ ಕೊಯ್ತಾ ಮಸೆದು ತಂದಿದ್ದ.

ಮೊದಲನೆಯದು ಅಸೀಲ ತಾಯಿಯ ಮಗಳು, ಹಿತ್ತಲಿನ ಹಿರಿಯ ಕೋಳಿ. ನಾನು ಅದನ್ನು ಎದೆಗವಚಿಕೊಂಡು ತಂದಾಗ ಅದು ಕೂಗಲಿಲ್ಲ, ನನ್ನ ಕೈ ಅದಕ್ಕೆ ಪರಿಚಯ. ಭಾವ ಕಲ್ಲಿನ ಮೇಲೆ ಕುತ್ತಿಗೆ ಇಟ್ಟು ಒಂದೇ ಏಟಿಗೆ ಕಡಿದ. ತಲೆಯಿಲ್ಲದ ಮೈ ಅವನ ಕೈಯಿಂದ ಜಾರಿ ಓಡಿ, ಹೆಂಗಸರ ಸೀರೆಗೆ ರಕ್ತ ಚೆಲ್ಲಿ, ನನ್ನ ಕಾಲ ಬಳಿ ಬಂದು ಬಿತ್ತು. ಎರಡನೆಯದು, ಮೂರನೆಯದು. ಬುಟ್ಟಿಯೊಳಗಿನವು ರಕ್ತದ ವಾಸನೆಗೆ ಒಂದನ್ನೊಂದು ತುಳಿಯುತ್ತಾ ಕಿರಿಚತೊಡಗಿದವು. ಏಳನೆಯದರ ಹೊತ್ತಿಗೆ ನನ್ನ ಮೊಳಕೈವರೆಗೆ ಕೆಂಪಾಗಿತ್ತು. ಕೊಡುತ್ತಿದ್ದೆ. ಒಂದು ಕೊಟ್ಟು ಇನ್ನೊಂದಕ್ಕೆ ಬಗ್ಗುತ್ತಿದ್ದೆ. ಮೂರು ವರ್ಷ ಆರಿಸಿ ಆರಿಸಿ ಉಳಿಸಿದ್ದನ್ನು ನಾನೇ ಒಂದೊಂದಾಗಿ ಎತ್ತಿ ಅವನ ಕೈಗೆ ಇಡುತ್ತಿದ್ದೆ. ನನ್ನ ಮೇಲೇ ನನಗೆ ಅಸಹ್ಯ ಬಂತು.

ಭಾವನಿಗೆ ಬಾಯಾರಿತು. ಕೊಯ್ತಾ ಕಲ್ಲಿನ ಮೇಲಿಟ್ಟು ನೀರು ಕುಡಿದ. ಬಾಯಿ ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದ. ಹಲಗೆಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ.

"ದೇವರ ಹೆಸರು ಹೇಳಿ ನನ್ನ ಕೈ ಕಟ್ಟಿದ್ದಿಯಲ್ಲಾ. ಅದೇ ದೇವರ ಕೈಲೇ ಬಿಚ್ಚಿಸೇನಿ ನೋಡು. ಕನಸು ಬಿದ್ದಿಲ್ಲ, ಏನಿಲ್ಲ."

ಅಂದು, ನಾನು ಕೊಡುವುದಕ್ಕೂ ಕಾಯದೆ, ತಾನೇ ಬುಟ್ಟಿಯ ಅಂಚಿಗೆ ಬಲಗೈ ಹಾಕಿದ. ಹುಂಜವೊಂದರ ಕುತ್ತಿಗೆ ಹುಡುಕುತ್ತಾ ನಗುತ್ತಿದ್ದ.

ಕೊಯ್ತಾ ಯಾವಾಗ ಎತ್ತಿಕೊಂಡೆನೋ ನೆನಪಿಲ್ಲ ಎಂದು ಹೇಳಬಹುದಿತ್ತು. ನೆನಪಿದೆ. ಹಿಡಿಕೆ ಅಂಟಂಟಾಗಿತ್ತು, ಎರಡೂ ಕೈಯಲ್ಲಿ ಹಿಡಿದೆ. ಬುಟ್ಟಿಯ ಅಂಚಿನ ಮೇಲಿದ್ದ ಅವನ ಕೈಯನ್ನು ಸರಿಯಾಗಿ ನೋಡಿ ಹೊಡೆದೆ. ಬುಟ್ಟಿಯ ಬಿದಿರು ಸೀಳಿದ ಸದ್ದಾಯಿತು. ಮೂರು ಬೆರಳು ಕೋಳಿಗಳ ನಡುವೆ ಬಿದ್ದವು. ಕೋಳಿಗಳು ಅವನ್ನೂ ಕುಕ್ಕಿದವು.

ಭಾವ ತನ್ನ ಕೈ ನೋಡಿದ, ನನ್ನ ಮುಖ ನೋಡಿದ. ಹಲಗೆ ನಿಂತಿತು. ಆಗ ಯಾವಳೋ ಒಬ್ಬಳು ಹಿಂದಿನಿಂದ ಕಿರಿಚಿದಳು, "ದೇವಿ ಬಂದಾಳ, ಸೀಮಾನ ಮೈಮ್ಯಾಗ ದೇವಿ ಬಂದಾಳ."

ಅಷ್ಟೇ ಸಾಕಾಯಿತು. ಹೆಂಗಸರು ಸಾಲಾಗಿ ನೆಲಕ್ಕೆ ಬಿದ್ದರು. ಪೂಜಾರಿ ಓಡಿ ಬಂದು ನನ್ನ ಹಣೆಗೆ ಭಂಡಾರದ ಅರಿಶಿನ ಬಳಿದ, ಕರ್ಪೂರ ಹಚ್ಚಿದ. ಕನಸು ಬಿದ್ದಿಲ್ಲ ಅಂದಿದ್ದ ಭಾವ ರಕ್ತ ಸುರಿಯುವ ಕೈಯನ್ನು ಎದೆಗೊತ್ತಿಕೊಂಡು ಮಂಡಿಯೂರಿದ. ಅವನ ಕಣ್ಣಲ್ಲಿ ನಿಜವಾದ ಭಯವಿತ್ತು, ಹತ್ತು ವರ್ಷದವನ ಭಯ. "ತಪ್ಪಾತು ತಾಯಿ, ಸುಳ್ಳು ಹೇಳೇನಿ. ನಿನ್ನ ಕೋಳಿ ನಿನಗ ಇರ್ಲಿ. ಇನ್ನ ಮುಟ್ಟಂಗಿಲ್ಲ," ಅಂದ. ಊರೆಲ್ಲಾ ಕೇಳಿತು.

ಅತ್ತೆ ನನ್ನ ಬೆನ್ನ ಹಿಂದೆ ಬಂದು ನಿಂತು ಕಿವಿಯಲ್ಲಿ ಉಸುರಿದಳು. "ಸುಮ್ನ ನಿಂದರು ಬೇ. ಕಣ್ಣು ತೇಲಸು. ಜರಾ ತೂಗಾಡು. ಎಲ್ಲಾ ಬರೋಬ್ಬರಿ ಆಗ್ತದ."

ಆಗುತ್ತಿತ್ತು. ಉಳಿದ ಕೋಳಿಗಳು ಬದುಕುತ್ತಿದ್ದವು. ಪೊಲೀಸು ಇಲ್ಲ, ಕೇಸು ಇಲ್ಲ. ದೇವಿ ಕಡಿದ ಬೆರಳಿಗೆ ಯಾರು ದೂರು ಕೊಡುತ್ತಾರೆ? ತೂಗಾಡಿದರೆ ಸಾಕಿತ್ತು. ಮಂಗಳವಾರಕ್ಕೊಮ್ಮೆ ನನ್ನನ್ನು ಕಲ್ಲಿನ ಪಕ್ಕ ಕೂರಿಸಿ ಕಾಲಿಗೆ ಬೀಳುತ್ತಿದ್ದರು. ಕೋಳಿಗಳು ಮರಗಮ್ಮನ ಕೋಳಿಗಳಾಗಿಯೇ ಇರುತ್ತಿದ್ದವು. ಏಟೂ ಮರಗಮ್ಮನದ್ದಾಗುತ್ತಿತ್ತು. ಮೂರು ವರ್ಷ ಬೆಳೆಸಿದ್ದು ಅವಳ ಲೆಕ್ಕಕ್ಕೆ ಹೋಗಿತ್ತು. ನನ್ನ ಹುಟ್ಟಿನಲ್ಲಿ ನಾನು ಎತ್ತಿದ ಮೊದಲ ಕೈ, ಅದೂ ಅವಳ ಲೆಕ್ಕಕ್ಕೇ ಹೋಗಬೇಕೆ?

ಹಣೆಯ ಭಂಡಾರ ಒರೆಸಿಕೊಂಡೆ. ರಕ್ತದ ಕೈಯಲ್ಲಿ ಒರೆಸಿದ್ದರಿಂದ ಮುಖ ಇನ್ನಷ್ಟು ಹೊಲಸಾಗಿರಬೇಕು.

"ಯಾವ ದೇವಿನೂ ಬಂದಿಲ್ರಿ. ಹೊಡದಾಕಿ ನಾನು. ಮೀಸಲು ಬಿಟ್ಟಿದ್ದೂ ಸುಳ್ಳು, ಇವನ ಕೈ ತಪ್ಪಸಾಕ ಬಿಟ್ಟಿದ್ದೆ. ಕೋಳಿ ನನ್ನವು."

ಮೊದಲು ಎದ್ದವನು ಭಾವ. ಅವನ ಮುಖದಿಂದ ಭಯ ಇಳಿದು ಹೋದದ್ದನ್ನು ನಾನು ನೋಡಿದೆ. ನನಗೆ ಗೊತ್ತಿತ್ತು, ಆ ಮಾತಿನ ಜೊತೆಗೆ ಕೋಳಿಗಳ ಸುತ್ತ ಇದ್ದ ಬೇಲಿಯೂ ಬಿತ್ತೆಂದು. ಗೊತ್ತಿದ್ದೇ ಆಡಿದ್ದೆ. ಅರುಣಕುಮಾರ ಹಲಗೆಯವನ ಕೈಯಿಂದ ಬಡಿಗೆ ಕಿತ್ತುಕೊಂಡ. ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಪಕ್ಕೆಲುಬಿಗೆ. ಬಿದ್ದ ಮೇಲೆ ಯಾರು ಯಾರು ಒದ್ದರೋ ಲೆಕ್ಕವಿಲ್ಲ. ಕಾಲುಗಳ ನಡುವಿನಿಂದ ಕಂಡದ್ದು ಇಷ್ಟೇ. ಪೂಜಾರಿ ಕೈ ಎತ್ತಿ, ಮನುಷ್ಯರ ರಕ್ತ ಬಿದ್ದು ಜಾಗ ಮೈಲಿಗೆಯಾಯಿತು, ಇವತ್ತು ಪೂಜೆಯಿಲ್ಲ ಎಂದು ಕೂಗುತ್ತಿದ್ದ. ನಿಂಬೆವ್ವ ಬುಟ್ಟಿಗಳನ್ನು ಒಂದರ ಮೇಲೊಂದು ತಲೆಗೇರಿಸಿಕೊಂಡು, ಯಾರನ್ನೂ ನೋಡದೆ, ಮನೆ ದಾರಿ ಹಿಡಿದಿದ್ದಳು.

ಈಗ ಆಸ್ಪತ್ರೆಯಲ್ಲಿದ್ದೇನೆ. ಎರಡು ಪಕ್ಕೆಲುಬು ಮುರಿದಿವೆ. ಹಾಸಿಗೆಯ ಪಕ್ಕ ಒಬ್ಬ ಮಹಿಳಾ ಪೊಲೀಸ್ ಕೂತಿರುತ್ತಾಳೆ, ಒಳ್ಳೆಯವಳು. ಇಲ್ಲಿಂದ ಬಿಟ್ಟ ಮೇಲೆ ಕೋರ್ಟಿಗೆ ಕರೆದೊಯ್ಯುತ್ತಾರಂತೆ. ಹೇಳಿಕೆ ಬರೆದುಕೊಳ್ಳಲು ಬಂದ ಸಾಹೇಬರು ಪೆನ್ನು ಹಿಡಿದು ಕೇಳಿದರು, "ಮೈಮ್ಯಾಗ ದೇವರು ಬಂದಿತ್ತಂತ ಊರಾಗ ಅರ್ಧ ಮಂದಿ ಇನ್ನೂ ಹೇಳಾಕತ್ತಾರವ್ವ. ಹಂಗೇ ಬರಕೊಳ್ಳಲೇನು?" ಅವರ ದನಿಯಲ್ಲಿ ಕನಿಕರವಿತ್ತು.

"ಬ್ಯಾಡ್ರಿ ಸಾಹೇಬ್ರ. ನನ್ನ ಹೆಸರೇ ಬರೀರಿ," ಅಂದೆ.

ಗಂಡ ಇನ್ನೂ ಬಂದಿಲ್ಲ. ನಾಲ್ಕನೆಯ ದಿನ ಅತ್ತೆ ಬಂದಳು. ಬಲಗೈ ಪ್ಲಾಸ್ಟರಿನಲ್ಲಿತ್ತು, ಕುತ್ತಿಗೆಗೆ ಬಟ್ಟೆ ಕಟ್ಟಿ ಇಳಿಬಿಟ್ಟಿದ್ದಳು. ತುಟಿ ಸೀಳಿತ್ತು. ಎಡಗೈಯಲ್ಲಿ ರೊಟ್ಟಿಯ ಗಂಟು.

"ಏನಾತು ಅತ್ತಿ?" ಅಂದೆ. ಮಾತಾಡಿದರೆ ಪಕ್ಕೆ ಚುಚ್ಚುತ್ತಿತ್ತು.

"ಅರುಣ ಬಂದಿದ್ದ, ಮತ್ತ ಮೂವರು ಸಂಗಟ. ಬಡಿಗಿ ತಗೊಂಡು. ನಾ ಬಾಗಿಲ್ದಾಗ ನಿಂತೆ." ಅವಳು ಮಂಚದ ಅಂಚಿಗೆ ಕೂತಳು. "ಮುಟ್ಟಬ್ಯಾಡ್ರೋ, ಸೊಸೀ ಕೋಳಿ ಅದಾವ, ಅಂದೆ."

ನಾನು ಅವಳ ಮುಖ ನೋಡಿದೆ. ಮೊಮ್ಮಗನ ಬಡಿಗೆಗೆ ಅಡ್ಡ ನಿಂತು, ದೇವಿಯ ಹೆಸರು ಬಿಟ್ಟು ನನ್ನ ಹೆಸರು ಹೇಳಿ ಕೈ ಮುರಿಸಿಕೊಂಡಿದ್ದಳು. ದೇವಿಯ ಹೆಸರು ಹೇಳಿದ್ದರೆ ಬಹುಶಃ ಕೈ ಉಳಿಯುತ್ತಿತ್ತು. ನನಗೆ ಅಳು ಬಂತು. ಅತ್ತರೆ ಪಕ್ಕೆ ಇನ್ನೂ ನೋಯುತ್ತದೆ, ಆದರೂ ಅತ್ತುಬಿಟ್ಟೆ.

"ಅಳಬ್ಯಾಡ ಸುಮ್ನಿರು. ಭಾಳ ಹೊಡದು ಹಾಕ್ಯಾರ. ಎಂಟು ಹ್ಯಾಂಗೋ ಉಳದಾವ, ಎರಡು ಹುಂಜ ಹಿಡದು. ಒಂದು ಹುಂಜ ಬಡಿಗಿ ಕಂಡಕೂಡ್ಲೇ ಮರಿ ಬಿಟ್ಟು ಕಬ್ಬಿನಾಗ ಓಡಿತ್ತು, ನಿನ್ನೆ ಬಂತು, ಮೈಯಾಗ ಒಂದ್ ಗಾಯ ಇಲ್ಲ. ಇನ್ನೊಂದು ನನ್ನ ಮುಂದ ನಿಂತು ಅರುಣನ ಕಾಲು ಹರದ್ಹಾಕ್ತು. ಒಂದ್ ಕಣ್ಣು ಹೋಗ್ಯಾದ ಅದರದು." ಅವಳು ಗಂಟು ಬಿಚ್ಚಿ ರೊಟ್ಟಿಯನ್ನು ನನ್ನ ಕೈಗಿಟ್ಟಳು. "ಎರಡು ಹುಂಜ ಇದ್ದರ ಜಗಳಾಡಿ ಸಾಯ್ತಾವ. ಯಾವುದನ್ನ ಇಟ್ಕೊಳ್ಲಿ ಬೇ? ನಿನಗ ಕೇಳಿ ಮಾಡಬೇಕಂತ ಬಂದೇನಿ."

ಆ ಮನೆಗೆ ಸೊಸೆಯಾಗಿ ಹೋಗಿ ಏಳು ವರ್ಷವಾಗಿತ್ತು. ನನ್ನ ಕೋಳಿಯ ವಿಷಯ ನನ್ನನ್ನು ಕೇಳಿದ್ದು ಇದೇ ಮೊದಲು.

"ಕಣ್ಣು ಹೋದದ್ದು ಇರ್ಲಿ," ಅಂದೆ. "ಓಡಿದ್ದನ್ನ ಕೊಯ್ಸಿ ಸಾರು ಮಾಡಿಸ್ಕೊಂಡು ನೀನೇ ಉಣ್ಣು. ಖಾರ ಕಮ್ಮಿ ಹಾಕಸು. ಎಲುಬು ಕೂಡತಾವ."